ಗ್ಲಾಸಿನ ಬಾಯಿ

ಮೊದಲ ಮೂರು ತಿಂಗಳು ಬಣ್ಣ ಮುಟ್ಟಗೊಡಲಿಲ್ಲ ಎವರಿಸ್ತ್ ಬಾಬ್.
ಪಣಜಿಯ ಆ ಹಳೇ ಓಣಿಯಲ್ಲಿ ಒಡೆದ ಟೈಲ್ಸ್ ಗುಡಿಸಿ,
ಕುಂಚ ತೊಳೆದಿಟ್ಟ ಮೇಲೆ ನನ್ನ ಪಾಠ.
ಚಹಾದ ಗ್ಲಾಸೊಂದನ್ನು ಕಿಟಕಿಯ ಕಟ್ಟೆಗಿಟ್ಟು
ಇದರ ಬಾಯಿ ತೆಗಿ, ಅಂದರು.

ಗುಂಡಗೆ ತೆಗೆದೆ.
ಗ್ಲಾಸಿನ ಬಾಯಿ ಗುಂಡಗಲ್ಲದೆ ಚೌಕವೇ?
ಹಾಳೆ ಮಗುಚಿದರು. ಇನ್ನೊಂದು.
ಬಾದಾಮಿಯ ಹಾಗೆ ಚೂಪಾಯಿತು, ಬಾಯಿಗೆಲ್ಲಿದೆ ಮೂಲೆ? ಇನ್ನೊಂದು.
ಸಂಜೆ ಕದಂಬ ಬಸ್ಸಿನಲ್ಲಿ ಜೋತುಬಿದ್ದು ವಾಸ್ಕೋಗೆ ಮರಳುವಾಗ
ಜುವಾರಿ ದಾಟುವ ತನಕ
ಕಂಬಿಯ ಮೇಲೆ ಬೆರಳು ತಾನಾಗಿ ಸುತ್ತುತ್ತಿತ್ತು.
ಪಕ್ಕದವಳು ಬ್ಯಾಗು ಅವಚಿಕೊಂಡಳು.

ಸರಿಸಮ ಕೂತರೆ ಬಾಯಿ ಬರೀ ಒಂದು ಗೆರೆ.
ಎದ್ದರೆ ತುಸು ತೆರೆಯುತ್ತದೆ.
ಮೇಲಿಂದ ಬಗ್ಗಿದರೆ ಮಾತ್ರ
ನನಗೆ ಗೊತ್ತಿದ್ದ ಗುಂಡು.
ಇಪ್ಪತ್ತೆರಡು ವರ್ಷ ಚಹಾ ಕುಡಿದೂ
ಗ್ಲಾಸು ನೋಡಿರಲಿಲ್ಲ.

ಅಪ್ಪ ಗೌಂಡಿ. ದಾರ ಹಿಡಿದು, ಗುಂಡು ಇಳಿಬಿಟ್ಟು,
ಒಂದು ಕಣ್ಣು ಮುಚ್ಚಿ 'ಸಾಪ್ ಐತಿ' ಅಂದರೆ ಸಾಪ್.
'ದಾರಾ ಇಲ್ದ ಗೆರಿ ಹೆಂಗ ಎಳಿತಿಯವ್ವಾ?'
ಹೆಂಗ ಅಂದರೆ, ನಡುಗುತ್ತ ಎಳೆಯುತ್ತೇನೆ.
ಮಣಿಕಟ್ಟಿನಿಂದಲ್ಲ, ಭುಜದಿಂದ ಎಳಿ ಅಂತಾರೆ ಬಾಬ್.
ಅವ್ವ ರೊಟ್ಟಿ ಬಡಿಯುವುದೂ ಭುಜದಿಂದಲೇ.
ಅವಳಿಗೆ ಯಾರು ಹೇಳಿಕೊಟ್ಟರೋ.

ಇದ್ದಿಲ ಕಡ್ಡಿ ಕೊಳ್ಳಲು ದುಡ್ಡಿರಲಿಲ್ಲ.
ಹಾರ್ಬರಿನ ಕಲ್ಲಿದ್ದಲು ಪುಕ್ಕಟೆ ಬರುತ್ತದೆ ನಮ್ಮ ಸಡಾದ ಮನೆಗೆ,
ಕಿಟಕಿಗೆ, ಒಣಹಾಕಿದ ಸೀರೆಗೆ, ಮುಚ್ಚಿಟ್ಟ ಹಾಲಿಗೂ.
ಅವ್ವ ಬೈಯುತ್ತ ಒರೆಸುವ ಮುಂಚೆ ಬೆರಳಲ್ಲಿ ಬಳಿದು
ಕುಂಕುಮದ ಖಾಲಿ ಡಬ್ಬಿಗೆ ತುಂಬಿಕೊಂಡೆ.
ಗೋಂದು ಕಲಸಿ ಗ್ಲಾಸಿಗೊಂದು ನೆರಳು ಹಚ್ಚಿದೆ.
ಒಣಗಿದ್ದೇ ಉದುರಿತು. ನೆರಳು ಹಾಳೆಯಲ್ಲಿ ನಿಲ್ಲದೆ
ಮತ್ತೆ ಕಿಟಕಿಗೇ ಹೋಯಿತು.
ಕೆಮ್ಮು ಉಳಿಯಿತು.

ನಾಲ್ಕನೇ ತಿಂಗಳು ಟೈಲ್ಸು.
ಬಿಳಿ ಪುಡಿ ಮೆತ್ತಿದ ಮೈ. ಕುಂಚ ತಾಗಿದ್ದೇ ತಡ ಹೀರಿಬಿಡುತ್ತದೆ.
ರಬ್ಬರಿಲ್ಲ. ಬಾಯಿತಪ್ಪಿ ಆಡಿದ ಮಾತಿನ ಹಾಗೆ;
ತಿದ್ದಹೋದಷ್ಟೂ ಗಾಯ ಅಗಲ.
ನೀಲಿ ಅಂತ ಕೊಟ್ಟದ್ದು ನೀಲಿಯೂ ಅಲ್ಲ,
ಒದ್ದೆ ಬೂದಿ. ದಟ್ಟವಾಯಿತೋ ತೆಳುವಾಯಿತೋ,
ನಾಳೆ ಭಟ್ಟಿ ಹೇಳಬೇಕು.

ಕಂಡದ್ದನ್ನಷ್ಟೇ ತೆಗಿ ಅಂತ ತಿಂಗಳುಗಟ್ಟಲೆ ಗದರಿದವರು
ಈಗ ಕಾಣದ ನೀಲಿಯನ್ನು ನಂಬು ಅಂತಾರೆ.
ಬಾಬ್, ಯಾವುದು ಖರೆ?
ಅವರು ಕನ್ನಡಕ ಒರೆಸಿಕೊಂಡರು.

ಭಟ್ಟಿ ತೆರೆದಾಗ
ಬಾಯಿಯ ಆಚೆ ಅಂಚು ಸರಿ ಬಂದಿತ್ತು.
ಈಚೆ, ಉಸಿರೆಳೆಯಲು ನಾನು ಒಂದು ಗಳಿಗೆ ತಡೆದ ಕಡೆ
ಒಂದು ಮಚ್ಚೆ. ಕಡುನೀಲಿ.
ಇಡೀ ಗ್ಲಾಸಿನಲ್ಲಿ ಅದೊಂದೇ ನಿಜವಾದ ನೀಲಿ.
ಮನೆಗೆ ಒಯ್ಯಿ ಅಂದರು.
ಹೊಗಳಿದರೋ, ಅಂಗಡಿಯಲ್ಲಿ ಇಡಲಾಗದು ಅಂದರೋ.

ಅಪ್ಪ ಅದರ ಮೇಲೆ ರಸಮಟ್ಟ ಇಟ್ಟ.
'ಟೈಲ್ಸ್ ಸಾಪ್ ಐತಿ. ಗ್ಲಾಸು ಸೊಟ್ಟ.'
ನಾನು ತಾಟು ತೊಳೆಯಲು ಎದ್ದೆ.
ತಿರುಗಿ ನೋಡಿದರೆ, ತನ್ನ ಚಹಾದ ಗ್ಲಾಸು ಅದರ ಪಕ್ಕಕ್ಕಿಟ್ಟು
ಗೋಡೆ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ
ಬಗ್ಗುತ್ತಿದ್ದ, ಏಳುತ್ತಿದ್ದ, ಹಿಂದೆ ಸರಿಯುತ್ತಿದ್ದ.
'ಎಲ್ಲಿ ಕುಂತು ತಗದಿ ಇದನ್ನ?'

ಸುಮಾರು ಇಷ್ಟೆತ್ತರ ಅಂತ ಕೈ ಹಿಡಿದೆ.
ಅಷ್ಟೆತ್ತರಕ್ಕೆ ಕುಕ್ಕರಗಾಲಲ್ಲಿ ಕೂತ, ಬಹಳ ಹೊತ್ತು.
ಮೊಣಕಾಲು ಲಟಕ್ಕೆಂದಿತು.
ಚಹಾದ ಮೇಲೆ ಕೆನೆ ಕಟ್ಟಿತ್ತು,
ಕೆನೆಯ ಮೇಲೆ ಸಣ್ಣಗೆ
ಹಾರ್ಬರಿನ ಕಪ್ಪು.